ಪ್ರೋಟಾನಿನ ದ್ರವ್ಯರಾಶಿ ಸರಿಯಾಗಿಯೇ ಬಂದಿತ್ತು

ಬೆಂಗಳೂರಿನ ಒಂದು ಸಂಶೋಧನಾ ಗುಂಪಿನಲ್ಲಿ ಹನ್ನೊಂದು ವರ್ಷಗಳಿಂದ ನಾನು ಮಾಡುತ್ತಿರುವುದು ಲೆಕ್ಕದ ಕೆಲಸ. ಪ್ರೋಟಾನ್, ನ್ಯೂಟ್ರಾನ್, ಪಯಾನ್ ಮುಂತಾದ ಕಣಗಳ ಗುಣಗಳನ್ನು ಪ್ರಯೋಗಾಲಯದಲ್ಲಿ ಅಳೆಯದೆ, ಅವುಗಳನ್ನು ಆಳುವ ಸಿದ್ಧಾಂತದಿಂದಲೇ ಸೂಪರ್‌ಕಂಪ್ಯೂಟರಿನ ಮೇಲೆ ಲೆಕ್ಕ ಹಾಕಿ ತೆಗೆಯುವ ಈ ವಿದ್ಯೆಯ ಪೂರ್ಣ ಹೆಸರು ಲ್ಯಾಟಿಸ್ ಕ್ವಾಂಟಮ್ ಕ್ರೋಮೋಡೈನಮಿಕ್ಸ್; ನಾವು ಚುಟುಕಾಗಿ ಲ್ಯಾಟಿಸ್ ಕ್ಯೂಸಿಡಿ ಎನ್ನುತ್ತೇವೆ. ಕೆಲವು ವರ್ಷಗಳ ಹಿಂದೆ ಈ ಕೆಲಸದಲ್ಲಿ ನಾನು ಒಂದು ತಪ್ಪು ಮಾಡಿದೆ. ಒಂದು ಫೈಲಿನ ಒಂದು ಸಾಲನ್ನು ಬದಲಾಯಿಸಲು ಮರೆತದ್ದಷ್ಟೇ ಆ ತಪ್ಪು. ಆದರೂ ಅದು ಹದಿನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಉತ್ತರ ಸರಿಯಾಗಿಯೇ ಬಂದಿತ್ತು ಮತ್ತು ಉತ್ತರ ಸರಿಯಾಗಿ ಬಂದ ಮೇಲೆ ತಪ್ಪು ಹುಡುಕುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ತಪ್ಪು ಏನೆಂದು ಹೇಳುವ ಮೊದಲು ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಪ್ರೋಟಾನಿನ ದ್ರವ್ಯರಾಶಿ 938.27 ಎಂಇವಿ, ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅದರೊಳಗಿನ ಎರಡು ಅಪ್ ಕ್ವಾರ್ಕ್‌ಗಳ ಮತ್ತು ಒಂದು ಡೌನ್ ಕ್ವಾರ್ಕಿನ ದ್ರವ್ಯರಾಶಿಗಳನ್ನು ಕೂಡಿದರೆ ಸಿಗುವುದು ಸುಮಾರು 9 ಎಂಇವಿ, ನೂರಕ್ಕೆ ಒಂದು ಪಾಲು. ಉಳಿದದ್ದೆಲ್ಲ ಕ್ವಾರ್ಕ್‌ಗಳ ಓಡಾಟದಲ್ಲಿ ಮತ್ತು ಅವನ್ನು ಕಟ್ಟಿಹಾಕಿರುವ ಗ್ಲೂಆನ್ ಕ್ಷೇತ್ರದಲ್ಲಿ ಅಡಗಿರುವ ಶಕ್ತಿ. ಕ್ವಾರ್ಕ್‌ಗಳು ಒಂದಕ್ಕೊಂದು ಹತ್ತಿರ ಬಂದಷ್ಟೂ ಅವುಗಳ ನಡುವಿನ ಬಲ ಸಡಿಲವಾಗುತ್ತದೆ, ದೂರ ಸರಿದಷ್ಟೂ ಬಿಗಿಯಾಗುತ್ತದೆ ಎಂದು 1973ರಲ್ಲಿ ಗ್ರಾಸ್, ವಿಲ್ಚೆಕ್ ಮತ್ತು ಪೊಲಿಟ್ಜರ್ ತೋರಿಸಿಕೊಟ್ಟರು. 2004ರಲ್ಲಿ ಅವರಿಗೆ ನೊಬೆಲ್ ಬಂದಿತು. ಬಲ ಸಡಿಲವಾಗಿರುವಲ್ಲಿ ಕಾಗದ ಪೆನ್ಸಿಲ್ ಸಾಕು, ಗಣಿತದ ಸರಣಿಯೊಂದಕ್ಕೆ ಪದದ ಮೇಲೆ ಪದ ಸೇರಿಸುತ್ತ ಉತ್ತರದ ಹತ್ತಿರ ಹೋಗಬಹುದು. ಪ್ರೋಟಾನಿನ ಗಾತ್ರದಷ್ಟು ದೂರದಲ್ಲಿ, ಅಂದರೆ ಸುಮಾರು ಒಂದು ಫರ್ಮಿಯಲ್ಲಿ, ಆ ದಾರಿ ಮುಚ್ಚಿಹೋಗುತ್ತದೆ, ಏಕೆಂದರೆ ಮುಂದಿನ ಪದ ಹಿಂದಿನದಕ್ಕಿಂತ ಚಿಕ್ಕದಾಗುವ ಭರವಸೆಯೇ ಅಲ್ಲಿಲ್ಲ.

1974ರಲ್ಲಿ ಕೆನೆತ್ ವಿಲ್ಸನ್ ಬೇರೆಯೇ ದಾರಿ ತೆರೆದರು. ಚುಕ್ಕಿ ರಂಗೋಲಿ ಹಾಕುವವರಿಗೆ ಇದನ್ನು ವಿವರಿಸುವುದು ನನಗೆ ಯಾವಾಗಲೂ ಸುಲಭವೆನಿಸಿದೆ. ಖಾಲಿ ಅಂಗಳದ ಬದಲು ಸಮಾನ ಅಂತರದ ಚುಕ್ಕಿಗಳನ್ನು ಇಟ್ಟುಕೊಳ್ಳಿ. ಕ್ವಾರ್ಕ್‌ಗಳು ಚುಕ್ಕಿಗಳ ಮೇಲೆ ಮಾತ್ರ ಇರುತ್ತವೆ, ಗ್ಲೂಆನ್ ಕ್ಷೇತ್ರವು ಚುಕ್ಕಿಯಿಂದ ಚುಕ್ಕಿಗೆ ಎಳೆದ ಎಳೆಗಳ ಮೇಲೆ ಇರುತ್ತದೆ. ರಂಗೋಲಿಯಲ್ಲಿ ಎಳೆ ಎಲ್ಲಿಯೂ ತುಂಡಾಗಿ ನಿಲ್ಲಬಾರದೆನ್ನುವಂತೆ ಇಲ್ಲಿಯೂ ಗ್ಲೂಆನ್ ಎಳೆಗಳಷ್ಟರಿಂದಲೇ ಅರ್ಥವುಳ್ಳ ಅಳತೆಯೊಂದನ್ನು ಪಡೆಯಬೇಕಾದರೆ ಎಳೆ ಸುತ್ತಿ ಬಂದು ತನ್ನನ್ನೇ ಸೇರಬೇಕು. ನಾಲ್ಕು ಎಳೆಗಳ ಅತಿ ಚಿಕ್ಕ ಚೌಕಕ್ಕೆ ಪ್ಲಾಕೆಟ್ ಎನ್ನುತ್ತಾರೆ, ಈ ಹೆಸರು ಮುಂದೆ ಬೇಕಾಗುತ್ತದೆ. ವ್ಯತ್ಯಾಸವೆಂದರೆ ಅಂಗಳಕ್ಕೆ ಎರಡು ದಿಕ್ಕುಗಳಿದ್ದರೆ ನಮ್ಮದಕ್ಕೆ ನಾಲ್ಕು, ಉದ್ದ, ಅಗಲ, ಎತ್ತರ ಎಂಬ ಮೂರು ದೇಶದವು ಮತ್ತು ಒಂದು ಕಾಲದ್ದು. ಎಳೆಯೊಂದರ ಮೇಲೆ ಇರುವುದು ಒಂದು ಸಂಖ್ಯೆಯಲ್ಲ, ಮೂರು ಸಾಲು ಮೂರು ಕಂಬಸಾಲುಗಳ ಒಂದು ಸಮ್ಮಿಶ್ರ ಮಾತೃಕೆ, ಅಂದರೆ 18 ಸಂಖ್ಯೆಗಳು.

ನಾವು ಅಂದು ಬಳಸುತ್ತಿದ್ದ ದೊಡ್ಡ ಜಾಲಕದ ಅಳತೆ 48 × 48 × 48 × 96, ಚುಕ್ಕಿಯಿಂದ ಚುಕ್ಕಿಗೆ ಅಂತರ ಸುಮಾರು 0.09 ಫರ್ಮಿ. ಅದರಲ್ಲಿ ಒಂದು ಕೋಟಿ ಆರು ಲಕ್ಷ ಚುಕ್ಕಿಗಳು, ನಾಲ್ಕು ಕೋಟಿ ಇಪ್ಪತ್ತನಾಲ್ಕು ಲಕ್ಷ ಎಳೆಗಳು. ಆ ಎಳೆಗಳ ಒಂದು ಪೂರ್ಣ ಚಿತ್ರವನ್ನು ಬರೆದಿಟ್ಟರೆ ಡಿಸ್ಕಿನಲ್ಲಿ ಸುಮಾರು 6 ಗಿಗಾಬೈಟ್ ಹಿಡಿಯುತ್ತದೆ. ಇಂಥ ಒಂದು ಚಿತ್ರಕ್ಕೆ ಕಾನ್ಫಿಗರೇಷನ್ ಎಂದು ಹೆಸರು. ಅದರ ಮೇಲೆ ಒಂದು ಕ್ವಾರ್ಕ್ ಹೇಗೆ ಚಲಿಸುತ್ತದೆಂದು ತಿಳಿಯಲು ಹನ್ನೆರಡು ಕೋಟಿ ಎಪ್ಪತ್ತನಾಲ್ಕು ಲಕ್ಷ ಸಾಲುಗಳ ಸಮೀಕರಣ ಸಮೂಹವನ್ನು ಬಿಡಿಸಬೇಕು, ಮತ್ತು ಕ್ವಾರ್ಕ್ ಹಗುರವಾದಷ್ಟೂ ಅದು ಹೆಚ್ಚು ಹೊತ್ತು ಹಿಡಿಯುತ್ತದೆ. ಎಳೆಗಳಿಗೆ ಕೊಡಬಹುದಾದ ಮೌಲ್ಯಗಳೆಲ್ಲವನ್ನೂ ಎಣಿಸುವುದು ಯಾವ ಯಂತ್ರದಿಂದಲೂ ಆಗದ ಮಾತಾದ್ದರಿಂದ, ಸಿದ್ಧಾಂತವು ಯಾವ ಚಿತ್ರಕ್ಕೆ ಎಷ್ಟು ತೂಕ ಕೊಡುತ್ತದೋ ಅಷ್ಟೇ ಸಂಭವದಲ್ಲಿ ಕೆಲವು ನೂರು ಚಿತ್ರಗಳನ್ನು ಆರಿಸಿಕೊಂಡು ಅವುಗಳ ಮೇಲೆ ಸರಾಸರಿ ತೆಗೆಯುತ್ತೇವೆ. ಆರಿಸುವ ವಿಧಾನ 1987ರಲ್ಲಿ ಪ್ರಕಟವಾದ ಹೈಬ್ರಿಡ್ ಮಾಂಟೆ ಕಾರ್ಲೋ: ಇರುವ ಚಿತ್ರಕ್ಕೆ ಯಾದೃಚ್ಛಿಕವಾಗಿ ಒಂದು ತಳ್ಳು ಕೊಟ್ಟು, ಸ್ವಲ್ಪ ದೂರ ಹರಿಯಬಿಟ್ಟು, ಬಂದ ಹೊಸ ಚಿತ್ರವನ್ನು ಒಪ್ಪಬೇಕೋ ಬಿಡಬೇಕೋ ಎಂದು ಇನ್ನೊಂದು ಯಾದೃಚ್ಛಿಕ ಸಂಖ್ಯೆಯಿಂದ ತೀರ್ಮಾನಿಸುವುದು. ಹೀಗೆ ಒಂದರಿಂದ ಒಂದು ಹುಟ್ಟುತ್ತ ಹೋಗುವ ಸರಪಳಿಗೆ ಸ್ಟ್ರೀಮ್ ಎನ್ನುತ್ತೇವೆ.

ಚಿತ್ರಗಳು ಸಿದ್ಧವಾದ ಮೇಲೆ ದ್ರವ್ಯರಾಶಿ ತೆಗೆಯುವ ಉಪಾಯ ಸರಳ. ಜಾಲಕದ ಒಂದು ಚುಕ್ಕಿಯಲ್ಲಿ ಮೂರು ಕ್ವಾರ್ಕ್‌ಗಳನ್ನು ಹುಟ್ಟಿಸಿ, ಕಾಲದ ದಿಕ್ಕಿನಲ್ಲಿ ಅಷ್ಟು ದೂರ ಹೋದ ಮೇಲೆ ಅವು ಎಷ್ಟು ಉಳಿದಿವೆಯೆಂದು ನೋಡಬೇಕು. ನಾವು ಬಳಸುವುದು ಗಣಿತದ ಅನುಕೂಲಕ್ಕೆ ತಿರುಗಿಸಿಕೊಂಡ ಕಾಲ್ಪನಿಕ ಕಾಲವಾದ್ದರಿಂದ ಆ ಸಂಕೇತ ಅಲೆಯಾಡುವ ಬದಲು ಕರಗುತ್ತ ಹೋಗುತ್ತದೆ, ಕರಗುವ ವೇಗವೇ ದ್ರವ್ಯರಾಶಿ. ಮೊದಲ ಕೆಲವು ಹೆಜ್ಜೆಗಳಲ್ಲಿ ಪ್ರೋಟಾನಿನ ಜೊತೆಗೆ ಅದಕ್ಕಿಂತ ಭಾರವಾದ ಸ್ಥಿತಿಗಳೂ ಬೆರೆತಿರುತ್ತವೆ. ಅವು ಬೇಗ ಸತ್ತು, ವೇಗ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಗ್ರಾಫಿನಲ್ಲಿ ಕಾಣುವ ಆ ಸಮತಟ್ಟಾದ ಭಾಗದ ಎತ್ತರವನ್ನು ಓದಿಕೊಂಡರೆ ಆಯಿತು.

ಓದಿಕೊಳ್ಳುವುದು ಅಷ್ಟು ಸಲೀಸಲ್ಲ. ಪ್ರೋಟಾನಿನ ಸಂಕೇತ ಕರಗುವಷ್ಟು ವೇಗವಾಗಿ ಅದರ ಗದ್ದಲ ಕರಗುವುದಿಲ್ಲ. ಪರೀಸಿ ಮತ್ತು ಲೆಪಾಜ್ 1980ರ ದಶಕದಲ್ಲೇ ತೋರಿಸಿದಂತೆ ಇವೆರಡರ ಅನುಪಾತ ಕುಸಿಯುವ ವೇಗವು ಪ್ರೋಟಾನಿನ ದ್ರವ್ಯರಾಶಿಯಿಂದ ಪಯಾನಿನ ದ್ರವ್ಯರಾಶಿಯ ಒಂದೂವರೆ ಪಟ್ಟನ್ನು ಕಳೆದಷ್ಟು. ನಿಸರ್ಗದಲ್ಲಿರುವ ಬೆಲೆಗಳನ್ನೇ ಹಾಕಿದರೆ ಪ್ರತಿ ಫರ್ಮಿಗೂ ಸಂಕೇತದ ಸ್ಪಷ್ಟತೆ ಸುಮಾರು 40 ಪಟ್ಟು ಇಳಿಯುತ್ತದೆ. ಅದನ್ನು ಕಾನ್ಫಿಗರೇಷನ್‌ಗಳ ಸಂಖ್ಯೆ ಹೆಚ್ಚಿಸಿ ಸರಿದೂಗಿಸಹೊರಟರೆ 40ರ ವರ್ಗದಷ್ಟು, ಅಂದರೆ 1600 ಪಟ್ಟು, ಹೆಚ್ಚು ಬೇಕು. ಹೀಗಾಗಿ ಎಡಗಡೆ ಭಾರದ ಸ್ಥಿತಿಗಳ ಬೆರಕೆ, ಬಲಗಡೆ ಗದ್ದಲ, ನಡುವೆ ಐದಾರು ಹೆಜ್ಜೆಗಳ ಒಂದು ಇಕ್ಕಟ್ಟಾದ ಓಣಿ. ಓಣಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಹೇಳಲು ಸೂತ್ರಗಳಿವೆ, ಆದರೆ ಕೊನೆಗೆ ಒಬ್ಬ ಮನುಷ್ಯ ಕುಳಿತು ನೋಡಿ ಹೇಳುತ್ತಾನೆ. ಆ ಮನುಷ್ಯನಿಗೆ 938 ಎಂಬ ಸಂಖ್ಯೆ ಮೊದಲೇ ಗೊತ್ತಿರುತ್ತದೆ.

ಗೊತ್ತಿರುವುದನ್ನೇ ಮತ್ತೆ ಏಕೆ ಲೆಕ್ಕ ಹಾಕುತ್ತೀರಿ ಎಂದು ನೆಂಟರ ಮದುವೆಗಳಲ್ಲಿ ನನ್ನನ್ನು ಕೇಳಿದವರಿದ್ದಾರೆ, ಪ್ರಶ್ನೆ ನ್ಯಾಯವಾದದ್ದೇ. ಹಗುರ ಕ್ವಾರ್ಕ್‌ಗಳ ಕಣಗಳ ದ್ರವ್ಯರಾಶಿಗಳನ್ನು ಎಲ್ಲ ದೋಷಗಳನ್ನೂ ಹಿಡಿತದಲ್ಲಿಟ್ಟುಕೊಂಡು ಲೆಕ್ಕ ಹಾಕಿದ ಫಲಿತಾಂಶ 2008ರಲ್ಲಿಯೇ ಬಂದಿದೆ. 2015ರಲ್ಲಿ ನ್ಯೂಟ್ರಾನ್ ಮತ್ತು ಪ್ರೋಟಾನ್‌ಗಳ ನಡುವಿನ 1.29 ಎಂಇವಿಯ ಸಣ್ಣ ಅಂತರವೂ ಲೆಕ್ಕದಿಂದ ಹೊರಬಂದಿತು. ನಮ್ಮಂಥ ಚಿಕ್ಕ ಗುಂಪುಗಳು ಪ್ರೋಟಾನಿನ ದ್ರವ್ಯರಾಶಿಯನ್ನು ತೆಗೆಯುವುದು ತಕ್ಕಡಿ ನೆಟ್ಟಗಿದೆಯೇ ಎಂದು ಗೊತ್ತಿರುವ ಬಟ್ಟಿನಿಂದ ಪರೀಕ್ಷಿಸಿದಂತೆ. ಆಮೇಲೆ ಅದೇ ಕಾನ್ಫಿಗರೇಷನ್‌ಗಳಿಂದ, ಪ್ರಯೋಗದಲ್ಲಿ ನೇರವಾಗಿ ಅಳೆಯಲಾಗದ ಗುಣಗಳನ್ನು, ಉದಾಹರಣೆಗೆ ಪ್ರೋಟಾನಿನ ದ್ರವ್ಯರಾಶಿಯಲ್ಲಿ ಸ್ಟ್ರೇಂಜ್ ಎಂಬ ಇನ್ನೊಂದು ಬಗೆಯ ಕ್ವಾರ್ಕಿನ ಪಾಲೆಷ್ಟು ಎಂಬುದನ್ನು, ತೆಗೆಯಬೇಕಾಗಿರುತ್ತದೆ. ಅಲ್ಲಿ ಹೋಲಿಸಿ ನೋಡಲು ಪುಸ್ತಕದ ಹಿಂಬದಿಯಲ್ಲಿ ಉತ್ತರವಿಲ್ಲ.

ಹತ್ತಿರದ ಉತ್ತರ ಬಂದ ಮಾತ್ರಕ್ಕೆ ಲೆಕ್ಕ ಸರಿ ಎನ್ನಲಾಗದು ಎಂಬುದಕ್ಕೆ ನಮ್ಮ ಕ್ಷೇತ್ರದ ಚರಿತ್ರೆಯಲ್ಲೇ ದೊಡ್ಡ ನಿದರ್ಶನವಿದೆ. ಲ್ಯಾಟಿಸ್ ಕ್ಷೇತ್ರದ ವಾರ್ಷಿಕ ಅಂತರರಾಷ್ಟ್ರೀಯ ಸಮ್ಮೇಳನ 2000ದ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಆ ಕಾಲಕ್ಕೆ ಬಹುಪಾಲು ಲೆಕ್ಕಗಳು ನಿರ್ವಾತದಲ್ಲಿ ಹುಟ್ಟಿ ಸಾಯುವ ಕ್ವಾರ್ಕ್–ಪ್ರತಿಕ್ವಾರ್ಕ್ ಜೋಡಿಗಳನ್ನು ಪೂರಾ ಕೈಬಿಟ್ಟೇ ನಡೆಯುತ್ತಿದ್ದವು, ಏಕೆಂದರೆ ಅವನ್ನು ಸೇರಿಸಿದರೆ ಅಂದಿನ ಯಂತ್ರಗಳಿಗೆ ಲೆಕ್ಕ ಮುಗಿಯುತ್ತಿರಲಿಲ್ಲ. ಸಿದ್ಧಾಂತದ ಒಂದು ಇಡೀ ಅಂಗವನ್ನು ಹೀಗೆ ಕತ್ತರಿಸಿಟ್ಟರೂ ದ್ರವ್ಯರಾಶಿಗಳು ನಿಜಬೆಲೆಯಿಂದ ಶೇಕಡಾ 10ರೊಳಗೇ ಬರುತ್ತಿದ್ದವು. ಇದನ್ನು ನಾನು ವಿದ್ಯಾರ್ಥಿಗಳಿಗೆ ಪಾಠವಾಗಿ ಎಷ್ಟೋ ಬಾರಿ ಹೇಳಿದ್ದೆ, ಹೇಳುವುದರಲ್ಲಿ ಕಷ್ಟವೇನಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಿಸರ್ಗದಲ್ಲಿರುವಷ್ಟು ಹಗುರವಾದ ಕ್ವಾರ್ಕ್‌ಗಳನ್ನು ಬಳಸುವ ಶಕ್ತಿ ನಮಗೆ ದೊರೆತ ಯಂತ್ರದ ಗಂಟೆಗಳಿಗೆ ಇರಲಿಲ್ಲವಾದ್ದರಿಂದ, ಕ್ವಾರ್ಕ್‌ಗಳನ್ನು ಬೇಕೆಂದೇ ಭಾರ ಮಾಡಿ ನಾಲ್ಕು ಬೇರೆ ಬೇರೆ ಬೆಲೆಗಳಲ್ಲಿ ಲೆಕ್ಕ ಹಾಕಿ, ಆ ನಾಲ್ಕು ಬಿಂದುಗಳ ಮೂಲಕ ಒಂದು ಗೆರೆ ಎಳೆದು, ಪಯಾನ್ 135 ಎಂಇವಿ ತೂಗುವ ನಿಜಲೋಕದವರೆಗೆ ಅದನ್ನು ಮುಂದುವರಿಸುತ್ತಿದ್ದೆವು. ನಾಲ್ಕರಲ್ಲಿ ಅತಿ ಹಗುರವಾದ ಬಿಂದುವಿನಲ್ಲಿ ಪಯಾನ್ ಸುಮಾರು 200 ಎಂಇವಿ ಇತ್ತು. ಅದೇ ನಿಜಲೋಕಕ್ಕೆ ಹತ್ತಿರದ್ದಾದ್ದರಿಂದ ಗೆರೆ ಎತ್ತ ವಾಲಬೇಕೆಂದು ಹೆಚ್ಚಾಗಿ ಹೇಳುತ್ತಿದ್ದುದು ಅದೇ. ಅದಕ್ಕೆ ಒಂದೇ ಸ್ಟ್ರೀಮ್ ಓಡಿಸಿದರೆ ವರ್ಷ ಕಳೆದರೂ ಸಾಕಷ್ಟು ಕಾನ್ಫಿಗರೇಷನ್‌ಗಳು ಆಗುವುದಿಲ್ಲವೆಂದು ಎರಡು ಸ್ಟ್ರೀಮ್‌ಗಳನ್ನು ಒಟ್ಟಿಗೆ ಓಡಿಸುವುದೆಂದು ತೀರ್ಮಾನವಾಯಿತು. ಇದು ಎಲ್ಲ ಕಡೆ ಇರುವ ಪದ್ಧತಿಯೇ: ಹದಕ್ಕೆ ಬಂದ ಒಂದು ಕಾನ್ಫಿಗರೇಷನ್ನಿನಿಂದ ಎರಡು ಕವಲು ಒಡೆಸಿ, ಎರಡಕ್ಕೂ ಬೇರೆ ಬೇರೆ ಸೀಡ್ ಕೊಟ್ಟು, ಎರಡೂ ಪರಸ್ಪರ ಮರೆಯುವಷ್ಟು ದೂರ ಹೋಗುವವರೆಗಿನ ಮೊದಲ ಭಾಗವನ್ನು ಎಸೆಯುವುದು. ಸೀಡ್ ಎಂದರೆ ಯಾದೃಚ್ಛಿಕ ಸಂಖ್ಯೆಗಳ ಸಾಲು ಎಲ್ಲಿಂದ ಆರಂಭವಾಗಬೇಕೆಂದು ಪ್ರೋಗ್ರಾಮಿಗೆ ಹೇಳುವ ಪೂರ್ಣಾಂಕ. ಸೀಡ್ ಒಂದೇ ಆದರೆ ಸಾಲೂ ಒಂದೇ.

ಯುಗಾದಿಯ ಹಿಂದಿನ ರಾತ್ರಿ, ಊರಿಗೆ ಹೊರಡುವ ಬಸ್ಸಿಗೆ ಎರಡು ಗಂಟೆ ಇರುವಾಗ, ಎ ಸ್ಟ್ರೀಮಿನ ಜಾಬ್ ಸ್ಕ್ರಿಪ್ಟನ್ನು ಕಾಪಿ ಮಾಡಿ ಬಿ ಸ್ಟ್ರೀಮಿಗೆ ಹೊಂದಿಸಿದೆ. ಮೂರು ಜಾಗಗಳಲ್ಲಿ ಎ ಎಂದಿದ್ದುದನ್ನು ಬಿ ಎಂದು ತಿದ್ದಿದೆ, ಫೋಲ್ಡರಿನ ಹೆಸರು ಬದಲಾಯಿಸಿದೆ, ಕ್ಯೂಗೆ ಹಾಕಿ ಹೊರಟೆ. ಸೀಡ್ ಆ ಸ್ಕ್ರಿಪ್ಟಿನಲ್ಲಿರಲಿಲ್ಲ, ಸ್ಕ್ರಿಪ್ಟು ಓದಿಕೊಳ್ಳುವ ಇನ್ನೊಂದು ಫೈಲಿನಲ್ಲಿತ್ತು, ಮತ್ತು ಅದು ಎರಡು ಸ್ಟ್ರೀಮ್‌ಗಳಿಗೂ ಒಂದೇ ಫೈಲು. ಆ ಸಾಲಿನ ಪಕ್ಕದಲ್ಲಿ ‘ಪ್ರತಿ ಸ್ಟ್ರೀಮಿಗೂ ಬದಲಾಯಿಸಬೇಕು’ ಎಂಬ ಟಿಪ್ಪಣಿ ಇತ್ತು. ಆ ಟಿಪ್ಪಣಿಯನ್ನು ಬರೆದವಳೂ ನಾನೇ.

ಆರಂಭದ ಕಾನ್ಫಿಗರೇಷನ್ ಒಂದೇ, ಸೀಡ್ ಒಂದೇ, ಬಳಸಿದ ನೋಡ್‌ಗಳ, ಅಂದರೆ ಒಟ್ಟಿಗೆ ಓಡುವ ಕಂಪ್ಯೂಟರುಗಳ, ಸಂಖ್ಯೆಯೂ ಒಂದೇ. ನಮ್ಮ ಪ್ರೋಗ್ರಾಂ ಇಂಥ ಸ್ಥಿತಿಯಲ್ಲಿ ಕೊನೆಯ ಬಿಟ್‌ವರೆಗೂ ಒಂದೇ ಉತ್ತರ ಕೊಡುವಂತೆ ನಾವು ಕಷ್ಟಪಟ್ಟು ಬರೆದದ್ದು, ಅದರ ಬಗ್ಗೆ ನಮಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅದು ತನ್ನ ಮಾತನ್ನು ಉಳಿಸಿಕೊಂಡಿತು. ಎರಡನೆಯ ಸ್ಟ್ರೀಮು ಮೊದಲನೆಯದರ ಪ್ರತಿಯಾಗಿ, ಒಂದು ಎಳೆಯೂ ಆಚೀಚೆಯಾಗದೆ, ತಿಂಗಳುಗಟ್ಟಲೆ ಓಡಿತು.

ಇದು ಕಾಣದೆ ಹೋದದ್ದು ಹೇಗೆ ಎಂದು ಕೇಳುವವರಿಗೆ ನಾನು ಮೂರು ಸಂಗತಿ ಹೇಳುತ್ತೇನೆ. ಮೊದಲನೆಯದು, ಕ್ವಾರ್ಕ್‌ಗಳನ್ನು ಹುಟ್ಟಿಸುವ ಚುಕ್ಕಿಗಳನ್ನು ಆರಿಸುವ ಪ್ರೋಗ್ರಾಂ ಬೇರೆಯದು, ಅದು ಸ್ಟ್ರೀಮಿನ ಹೆಸರನ್ನು ನೋಡಿ ಚುಕ್ಕಿ ಆರಿಸುತ್ತಿತ್ತು. ಆದ್ದರಿಂದ ಕಾನ್ಫಿಗರೇಷನ್‌ಗಳು ಅವೇ ಆಗಿದ್ದರೂ ಅವುಗಳ ಮೇಲೆ ಅಳೆದ ಸಂಖ್ಯೆಗಳು ಬೇರೆ ಬೇರೆ ಬಂದವು. ಮಲ್ಲೇಶ್ವರದ ನೂರು ಮನೆಗಳನ್ನು ಸುತ್ತಿ ಜನಾಭಿಪ್ರಾಯ ಕೇಳಬೇಕಾದವನು ಐವತ್ತು ಮನೆಗಳಿಗೆ ಮಾತ್ರ ಹೋಗಿ, ಪ್ರತಿ ಮನೆಯಲ್ಲೂ ಮುಂಬಾಗಿಲಿನಲ್ಲಿ ಒಬ್ಬರನ್ನು, ಹಿತ್ತಲ ಬಾಗಿಲಿನಲ್ಲಿ ಇನ್ನೊಬ್ಬರನ್ನು ಕೇಳಿ ಬಂದಂತೆ: ಉತ್ತರಗಳು ಒಂದೇ ಅಲ್ಲ, ಹಾಗೆಂದು ಅವು ನೂರು ಮನೆಗಳ ಉತ್ತರಗಳೂ ಅಲ್ಲ.

ಎರಡನೆಯದು, ನಮ್ಮ ಪರೀಕ್ಷೆಗಳೆಲ್ಲ ಪ್ರೋಗ್ರಾಮಿನ ಪರೀಕ್ಷೆಗಳಾಗಿದ್ದವು. ಹರಿಯಬಿಟ್ಟ ಚಿತ್ರವನ್ನು ಹಿಂದಕ್ಕೆ ಓಡಿಸಿದರೆ ಹೊರಟಲ್ಲಿಗೇ ಬರುತ್ತದೆಯೇ, ಶಕ್ತಿಯ ವ್ಯತ್ಯಾಸದಿಂದ ಲೆಕ್ಕ ಹಾಕುವ ಒಂದು ಘಾತೀಯ ಸರಾಸರಿ 1 ಆಗುತ್ತದೆಯೇ, ಪ್ರತಿ ಚುಕ್ಕಿಯಲ್ಲೂ ಬಣ್ಣಗಳನ್ನು (ಕ್ವಾರ್ಕ್‌ಗಳ ಮೂರು ಬಗೆಯ ಆವೇಶಕ್ಕೆ ಇಟ್ಟ ಹೆಸರು) ಮನಬಂದಂತೆ ತಿರುಗಿಸಿದರೂ ಉತ್ತರ ಕದಲದೆ ನಿಲ್ಲುತ್ತದೆಯೇ ಎಂದೆಲ್ಲ ನೋಡಿದ್ದೆವು. ಎಲ್ಲದರಲ್ಲೂ ಪ್ರೋಗ್ರಾಂ ಪಾಸಾಯಿತು. ಪಾಸಾಗಲೇಬೇಕಿತ್ತು, ಅದರಲ್ಲಿ ದೋಷವಿರಲಿಲ್ಲ. ಅದನ್ನು ಓಡಿಸಿದ ಕೈಯನ್ನು ಪರೀಕ್ಷಿಸುವ ವ್ಯವಸ್ಥೆ ಮಾತ್ರ ಎಲ್ಲಿಯೂ ಇರಲಿಲ್ಲ.

ಮೂರನೆಯದು ನನಗೆ ಇಂದಿಗೂ ನಾಚಿಕೆ ತರಿಸುವಂಥದು. ಪ್ರತಿ ಕಾನ್ಫಿಗರೇಷನ್ನಿನ ಸರಾಸರಿ ಪ್ಲಾಕೆಟ್ ಲಾಗ್ ಫೈಲಿನಲ್ಲಿ ದಾಖಲಾಗುತ್ತದೆ. ಅದರ ಏರಿಳಿತದ ಗ್ರಾಫನ್ನು ನಾನು ಎ ಸ್ಟ್ರೀಮಿನ ಮುಂದಕ್ಕೆ ಬಿ ಸ್ಟ್ರೀಮನ್ನು ಜೋಡಿಸಿ, ನಡುವೆ ಒಂದು ನೆಟ್ಟನೆಯ ಗೆರೆ ಹಾಕಿ, ಪ್ರತಿ ತಿಂಗಳ ಸಭೆಯಲ್ಲೂ ತೋರಿಸುತ್ತಿದ್ದೆ. ಗೆರೆಯ ಎಡಕ್ಕೆ ನಡುಗುವ ಒಂದು ರೇಖೆ, ಬಲಕ್ಕೆ ನಡುಗುವ ಇನ್ನೊಂದು ರೇಖೆ. ಎರಡೂ ಒಂದೇ ಎತ್ತರದಲ್ಲಿ, ಒಂದೇ ಅಗಲದಲ್ಲಿ ನಡುಗುತ್ತಿವೆ, ಆದ್ದರಿಂದ ಎಲ್ಲವೂ ಕ್ಷೇಮ ಎನ್ನುತ್ತಿದ್ದೆ. ಆ ಗ್ರಾಫನ್ನು ಈಗ ತೆಗೆದು ನೋಡಿದರೆ ಎಡ ಅರ್ಧದ ಕಾಲುಭಾಗ ದಾಟಿದ ಮೇಲೆ ರೇಖೆ ಒಮ್ಮೆ ಕೆಳಕ್ಕೆ ಚೂಪಾಗಿ ಕುಸಿದು, ಕೂಡಲೇ ಎದ್ದು, ಎರಡು ಸಣ್ಣ ಗೂನು ಹಾಕಿ ಮುಂದೆ ಹೋಗುವುದು ಕಾಣುತ್ತದೆ. ಬಲ ಅರ್ಧದಲ್ಲೂ ಅದೇ ಜಾಗದಲ್ಲಿ ಅದೇ ಕುಸಿತ, ಅದೇ ಎರಡು ಗೂನು. ಗೊತ್ತಾದ ಮೇಲೆ ಅದು ಬಿಟ್ಟು ಬೇರೇನೂ ಕಾಣುವುದಿಲ್ಲ. ಗೊತ್ತಾಗುವ ಮೊದಲು ಹದಿನಾಲ್ಕು ಸಭೆಗಳಲ್ಲಿ ಐದಾರು ಜನ ಅದನ್ನು ನೋಡಿದ್ದರು.

ಈ ನಡುವೆ ಗೆರೆ ಎಳೆದದ್ದೂ ಆಯಿತು, ಅದು 938ರ ಮೇಲೆ ಅಚ್ಚುಕಟ್ಟಾಗಿ ಹೋಗಿ ಕುಳಿತದ್ದೂ ಆಯಿತು. ಸಮ್ಮೇಳನವೊಂದರಲ್ಲಿ ನಾನು ಅದನ್ನು ಮಂಡಿಸಿದೆ, ಮಂಡಿಸಿದ ಬರಹ ಪ್ರಕಟವೂ ಆಯಿತು.

ಬೇಸಿಗೆಯ ಎರಡು ತಿಂಗಳ ಪ್ರಾಜೆಕ್ಟಿಗೆಂದು ದಾವಣಗೆರೆಯ ಕಡೆಯಿಂದ ಬಂದಿದ್ದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳಿಗೆ ಕೈ ಪಳಗಲೆಂದು, ಲಾಗ್ ಫೈಲುಗಳಿಂದ ಪ್ಲಾಕೆಟ್ ಬೆಲೆಗಳನ್ನು ತೆಗೆದು ಒಂದು ಕೋಷ್ಟಕ ಮಾಡಿಕೊಡಲು ಹೇಳಿದ್ದೆ. ಮಾರನೆಯ ದಿನ ಲ್ಯಾಪ್‌ಟಾಪ್ ಹಿಡಿದು ಬಂದು, “ಮೇಡಂ, ಕಾಪಿ ಮಾಡುವಾಗ ನಾನೇ ಏನೋ ತಪ್ಪು ಮಾಡಿದೀನಿ ಅನ್ಸುತ್ತೆ. ಬಿ ಸ್ಟ್ರೀಮಿನ ಜಾಗದಲ್ಲೂ ಎ ಸ್ಟ್ರೀಮಿನ ನಂಬರ್‌ಗಳೇ ಬಂದಿವೆ,” ಎಂದಳು. ಹಾಗಾದರೆ ಅಳಿಸಿ ಇನ್ನೊಮ್ಮೆ ಮಾಡು ಎಂದೆ. ಮಧ್ಯಾಹ್ನದ ಊಟದ ಮೇಲೆ ಮತ್ತೆ ಬಂದಳು. “ಮೂರು ಸಲ ಮಾಡಿದೆ ಮೇಡಂ, ಮೂರು ಸಲವೂ ಹಂಗೇ ಬರ್ತಿದೆ.” ಅವಳ ಕೋಷ್ಟಕದಲ್ಲಿ ದಶಮಾಂಶದ ನಂತರ ಹನ್ನೆರಡು ಅಂಕಿಗಳಿದ್ದವು, ಹನ್ನೆರಡೂ ಒಂದೇ. ನಾನು ನೇರವಾಗಿ ಸರ್ವರಿಗೆ ಹೋಗಿ ಎರಡು ಕಾನ್ಫಿಗರೇಷನ್ ಫೈಲುಗಳ ತಲೆಬರಹಗಳನ್ನು ತೆರೆದೆ. ಹೆಸರು ಮತ್ತು ದಿನಾಂಕ ಬೇರೆಯಾಗಿದ್ದುದರಿಂದ ಫೈಲುಗಳು ಮೇಲ್ನೋಟಕ್ಕೆ ಬೇರೆಯೇ. ಆದರೆ ಒಳಗಿನ ದತ್ತಾಂಶಕ್ಕೆ ಪ್ರೋಗ್ರಾಂ ತಾನಾಗಿಯೇ ಹಾಕಿ ಬರೆದಿಡುವ ಚೆಕ್‌ಸಮ್, ಅಂದರೆ ದತ್ತಾಂಶದ ಬೆರಳಚ್ಚಿನಂಥ ಸಂಖ್ಯೆ, ಎರಡರಲ್ಲೂ ಒಂದೇ ಆಗಿತ್ತು. ನೂರಾರು ಫೈಲುಗಳ ಹಣೆಯ ಮೇಲೆ ಹದಿನಾಲ್ಕು ತಿಂಗಳಿಂದ ಬರೆದೇ ಇತ್ತು, ಓದುವವರಿರಲಿಲ್ಲ. ಆ ಹುಡುಗಿಗೆ ನೀನು ಮಾಡಿದ್ದು ಸರಿಯಿದೆ ಎಂದು ಹೇಳಲು ನನಗೆ ಅರ್ಧ ನಿಮಿಷವಾದರೂ ಬೇಕಾಯಿತು.

ಗುಂಪಿನ ಹಿರಿಯರಿಗೆ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ಗಂಟೆ ಹೋಯ್ತು?” ಯಂತ್ರದ ಗಂಟೆಗಳನ್ನು ಕುರಿತ ಪ್ರಶ್ನೆಯದು, ಆ ಬಿಂದುವಿಗೆಂದು ಪಡೆದಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ, ಮಾಡಿದ್ದನ್ನೇ ಮತ್ತೆ ಮಾಡುವುದಕ್ಕೆ ಖರ್ಚಾಗಿತ್ತು. ಮುಂದಿನ ಸಲದ ಅರ್ಜಿಯಲ್ಲಿ ಅದನ್ನು ಬರೆಯಬೇಕಾಯಿತು. ಅವರು ಸಿಟ್ಟಾಗಿದ್ದರು, ಆಗಲು ಹಕ್ಕೂ ಇತ್ತು, ಎರಡು ವಾರ ನಮ್ಮಿಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಹೊಸ ಓಟಕ್ಕೆ ಕಾಯದೆ ಇರುವ ದತ್ತಾಂಶದಿಂದಲೇ ದೋಷಮಿತಿಯನ್ನು, ಅಂದರೆ ನಾವು ದಿನಬಳಕೆಯಲ್ಲಿ ಎರರ್ ಬಾರ್ ಎನ್ನುವುದನ್ನು, ಸರಿಪಡಿಸಿಕೊಳ್ಳಲು ಸಾಧ್ಯವಿತ್ತು. ದೋಷಮಿತಿಯನ್ನು ನಾವು ತೆಗೆಯುವುದು ಜಾಕ್‌ನೈಫ್ ಎಂಬ ವಿಧಾನದಿಂದ: ಕಾನ್ಫಿಗರೇಷನ್‌ಗಳನ್ನು ಸಣ್ಣ ಕಂತೆಗಳಾಗಿ ಕಟ್ಟಿ, ಒಂದೊಂದೇ ಕಂತೆಯನ್ನು ಹೊರಗಿಟ್ಟು ಮಿಕ್ಕವುಗಳಿಂದ ಉತ್ತರ ತೆಗೆದು, ಉತ್ತರ ಎಷ್ಟು ಅಲುಗಾಡುತ್ತದೆಂದು ನೋಡುವುದು. ಹಿಂದೆ ಎ ಮತ್ತು ಬಿ ಬೇರೆ ಬೇರೆ ಕಂತೆಗಳಲ್ಲಿದ್ದವು, ಒಂದನ್ನು ಹೊರಗಿಟ್ಟರೂ ಅದರ ಅವಳಿ ಒಳಗೇ ಉಳಿದು ಅಲುಗಾಟವನ್ನು ತಡೆಯುತ್ತಿತ್ತು. ಈಗ ಅವಳಿಗಳನ್ನು ಒಂದೇ ಕಂತೆಗೆ ಕಟ್ಟಿದೆವು. ದೋಷಮಿತಿ ಸುಮಾರು 1.3 ಪಟ್ಟು ಹಿಗ್ಗಿತು. ನಿಜವಾಗಿ ಅರ್ಧದಷ್ಟೇ ಕಾನ್ಫಿಗರೇಷನ್‌ಗಳಿದ್ದಾಗ ಅದು 1.4 ಪಟ್ಟಿನವರೆಗೂ ಹೋಗಬಹುದಿತ್ತು. ಚುಕ್ಕಿಗಳು ಬೇರೆಯಾಗಿದ್ದುದರಿಂದ ಹಿತ್ತಲ ಬಾಗಿಲೂ ಅಷ್ಟಿಷ್ಟು ಹೊಸ ಸುದ್ದಿ ಕೊಟ್ಟಿತ್ತು.

1.3 ದೊಡ್ಡ ಸಂಖ್ಯೆಯಾಗಿ ಕಾಣುವುದಿಲ್ಲ. ಆದರೆ ಗೆರೆ ಎಳೆಯುವಾಗ ಪ್ರತಿ ಬಿಂದುವಿಗೂ ಅದರ ದೋಷಮಿತಿಯ ವರ್ಗದ ವ್ಯುತ್ಕ್ರಮದಷ್ಟು ತೂಕ ಕೊಡುತ್ತೇವೆ, ಹೀಗಾಗಿ ಆ ಹಗುರ ಬಿಂದು ತನಗೆ ಸಲ್ಲಬೇಕಾದ್ದಕ್ಕಿಂತ ಸುಮಾರು 1.7 ಪಟ್ಟು ಗಟ್ಟಿಯಾಗಿ ಗೆರೆಯನ್ನು ತನ್ನತ್ತ ಎಳೆದುಕೊಂಡಿತ್ತು. ತೂಕ ಸರಿಪಡಿಸಿದಾಗ ಗೆರೆ ವಾಲಿತು, 938ರಿಂದ ಸ್ವಲ್ಪ ಪಕ್ಕಕ್ಕೆ ಹೋಯಿತು. ಅಚ್ಚುಕಟ್ಟಾಗಿ ಕುಳಿತಿದ್ದುದರಲ್ಲಿ ಒಂದಂಶ ತಪ್ಪಿನ ಕೊಡುಗೆ, ಇನ್ನೊಂದಂಶ ಅದೃಷ್ಟದ್ದು. ಸಮತಟ್ಟಾದ ಓಣಿಯನ್ನು ನಾನು ಆರಿಸಿದ ರೀತಿಯೂ ಅದರಲ್ಲಿ ಸೇರಿದೆ ಎಂದು ಒಪ್ಪಿಕೊಳ್ಳಬೇಕು: ಏಳನೆಯ ಹೆಜ್ಜೆಯಿಂದ ಆರಂಭಿಸಬೇಕೋ ಒಂಬತ್ತರಿಂದಲೋ ಎಂದು ತೂಗಾಡುತ್ತಿದ್ದಾಗ ಯಾವುದು 938ಕ್ಕೆ ಹತ್ತಿರ ಒಯ್ಯುತ್ತದೆಂದು ನನಗೆ ಗೊತ್ತಿತ್ತು, ಅದನ್ನೇ ಆರಿಸಿದೆ. ಆರಿಸಿದ್ದಕ್ಕೆ ಕಾರಣ ಕೇಳಿದ್ದರೆ ಬೇರೆ ಕಾರಣ ಹೇಳುತ್ತಿದ್ದೆ, ಮತ್ತು ಅದನ್ನು ನಾನೇ ನಂಬುತ್ತಿದ್ದೆ. ಪ್ರಕಟವಾದ ಬರಹಕ್ಕೆ ತಿದ್ದುಪಡಿ ಕಳುಹಿಸಿದೆವು.

ಆಮೇಲೆ ಕೆಲವು ವ್ಯವಸ್ಥೆಗಳು ಬದಲಾದವು. ಸೀಡನ್ನು ಈಗ ಕೈಯಿಂದ ಯಾರೂ ಬರೆಯುವುದಿಲ್ಲ. ಸ್ಟ್ರೀಮಿನ ಹೆಸರಿನಿಂದಲೇ ಅದು ಹುಟ್ಟುತ್ತದೆ ಮತ್ತು ಫೈಲಿನ ತಲೆಬರಹದಲ್ಲಿ ದಾಖಲಾಗುತ್ತದೆ. ಪ್ರತಿ ರಾತ್ರಿ ಒಂದು ಪುಟ್ಟ ಸ್ಕ್ರಿಪ್ಟು ಆ ದಿನ ಬಂದ ಕಾನ್ಫಿಗರೇಷನ್‌ಗಳ ಚೆಕ್‌ಸಮ್‌ಗಳನ್ನು ಹಿಂದಿನವುಗಳ ಜೊತೆ ಹೋಲಿಸಿ, ಒಂದೇ ಒಂದು ಜೋಡಿ ಸಿಕ್ಕರೂ ಎಲ್ಲರಿಗೂ ಮೇಲ್ ಹಾಕುತ್ತದೆ. ಗ್ರಾಫುಗಳಲ್ಲಿ ಸ್ಟ್ರೀಮ್‌ಗಳನ್ನು ಒಂದರ ಮುಂದೆ ಒಂದಾಗಿ ಜೋಡಿಸದೆ ಒಂದರ ಮೇಲೆ ಒಂದಾಗಿ ಬೇರೆ ಬಣ್ಣಗಳಲ್ಲಿ ಹಾಕುತ್ತೇವೆ. ಇವೆಲ್ಲ ಒಂದು ವಾರದ ಕೆಲಸ.

ಹೆಚ್ಚು ಚರ್ಚೆಯಾದದ್ದು ಉತ್ತರವನ್ನು ನಮ್ಮಿಂದಲೇ ಮುಚ್ಚಿಡುವ ವಿಷಯ. ಮ್ಯೂಆನಿನ ಕಾಂತೀಯ ಗುಣವನ್ನು ಅಳೆದ ಫರ್ಮಿಲ್ಯಾಬಿನ ಪ್ರಯೋಗದಲ್ಲಿ ಗಡಿಯಾರದ ನಿಖರ ಆವರ್ತನವನ್ನು ಪ್ರಯೋಗ ಮಾಡುವವರಿಗೇ ತಿಳಿಸದೆ ಹೊರಗಿನವರ ಬಳಿ ಮುಚ್ಚಿದ ಲಕೋಟೆಯಲ್ಲಿ ಇರಿಸಿದ್ದರು; ವಿಶ್ಲೇಷಣೆ ಪೂರ್ತಿ ಮುಗಿದ ಮೇಲೆ ಅದನ್ನು ತೆರೆದು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ನಮ್ಮ ಲೆಕ್ಕದಲ್ಲಿ ಇದನ್ನು ಮಾಡುವುದು ಇನ್ನೂ ಸುಲಭ. ಕಾಲದೊಂದಿಗೆ ಕರಗುವ ಸಂಕೇತವನ್ನು, ಗುಪ್ತವಾಗಿ ಆರಿಸಿದ ಇನ್ನೊಂದು ಕರಗುವ ಘಾತದಿಂದ ಗುಣಿಸಿಬಿಟ್ಟರೆ ದ್ರವ್ಯರಾಶಿ ಅಷ್ಟು ಆಚೆಗೋ ಈಚೆಗೋ ಸರಿಯುತ್ತದೆ. ಸಮತಟ್ಟು ಸಮತಟ್ಟಾಗಿಯೇ ಉಳಿಯುತ್ತದೆ, ಗದ್ದಲವೂ ಇದ್ದಲ್ಲೇ ಇರುತ್ತದೆ, ಅದರ ಎತ್ತರ ಮಾತ್ರ ಸುಳ್ಳು. ಓಣಿ ಆರಿಸುವವರಿಗೆ 938 ಗೊತ್ತಿದ್ದರೂ ಅದರಿಂದ ಏನೂ ಉಪಯೋಗವಿಲ್ಲ. ಗುಂಪಿನಲ್ಲಿ ಇಬ್ಬರು ಇದನ್ನು ನಾಟಕವೆಂದು ವಿರೋಧಿಸಿದರು. ತಪ್ಪುಗಳನ್ನು ಹಿಡಿಯಲು ಇರುವ ಒಂದು ದಾರಿಯೇ ಗೊತ್ತಿರುವ ಉತ್ತರದೊಂದಿಗಿನ ಹೋಲಿಕೆ, ಅದನ್ನೂ ಮುಚ್ಚಿಟ್ಟರೆ ತಪ್ಪು ಇನ್ನೂ ತಡವಾಗಿ ಸಿಗುತ್ತದೆ ಎಂಬ ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಪಯಾನಿನಂಥ ಸುಲಭದ ಕಣಗಳನ್ನು ತೆರೆದಿಟ್ಟು, ಪ್ರೋಟಾನನ್ನು ಮಾತ್ರ ಮುಚ್ಚಿಡುವುದೆಂದು ಒಪ್ಪಂದವಾಯಿತು. ಗುಪ್ತ ಸಂಖ್ಯೆಯನ್ನು ಪಕ್ಕದ ವಿಭಾಗದವರೊಬ್ಬರು ಆರಿಸಿ, ಲಕೋಟೆಯಲ್ಲಿ ಹಾಕಿ, ಕಚೇರಿಯ ಬೀರುವಿನಲ್ಲಿ ರಜೆ ಅರ್ಜಿಗಳ ಕಡತದ ಕೆಳಗೆ ಇಟ್ಟರು.

ನಿಜವಾದ ಬಿ ಸ್ಟ್ರೀಮು ಮುಗಿಯಲು ಇನ್ನೊಂದು ವರ್ಷ ಹಿಡಿಯಿತು. ಲಕೋಟೆ ತೆರೆದು ಗುಪ್ತ ಸಂಖ್ಯೆಯನ್ನು ಕಳೆದಾಗ ಬಂದ ದ್ರವ್ಯರಾಶಿ ಪ್ರಯೋಗದ ಬೆಲೆಗಿಂತ ಕೆಳಗಿತ್ತು, ಒಂದು ದೋಷಮಿತಿಗಿಂತ ಸ್ವಲ್ಪ ಹೆಚ್ಚು ಕೆಳಗೆ. ಅಂಥದು ಮೂರು ಸಲಕ್ಕೊಮ್ಮೆ ಬರುವುದು ಸಹಜವೇ. ಏಳರ ಬದಲು ಎಂಟರಿಂದ ಆರಂಭಿಸಿದ್ದರೆ ಎಷ್ಟಾಗುತ್ತಿತ್ತು ಎಂದು ನೋಡುವ ಆಸೆ ನನಗೂ ಬಂದಿತ್ತು, ಲಕೋಟೆ ತೆರೆದ ಮೇಲೆ ಯಾವ ಆಯ್ಕೆಯನ್ನೂ ಮುಟ್ಟಬಾರದೆಂದು ಮೊದಲೇ ಬರೆದು ಸಹಿ ಹಾಕಿದ್ದೆವಾದ್ದರಿಂದ ನೋಡಲಿಲ್ಲ.

ಪತ್ರಿಕೆಗೆ ಕಳುಹಿಸಿದಾಗ ವಿಮರ್ಶಕರೊಬ್ಬರು, ನಿಮ್ಮ ಹಿಂದಿನ ಫಲಿತಾಂಶ ಪ್ರಯೋಗಕ್ಕೆ ಇದಕ್ಕಿಂತ ಹತ್ತಿರವಿತ್ತು, ಕಾನ್ಫಿಗರೇಷನ್‌ಗಳು ಹೆಚ್ಚಿದ ಮೇಲೆ ದೂರ ಹೋದದ್ದು ಏಕೆ ಎಂದು ಕೇಳಿದರು. ಹಿಂದಿನದರಲ್ಲಿ ಒಂದೇ ಸ್ಟ್ರೀಮನ್ನು ಎರಡು ಬಾರಿ ಎಣಿಸಲಾಗಿತ್ತು, ತಿದ್ದುಪಡಿಯನ್ನು ನೋಡಿ, ಎಂದು ಒಂದೇ ವಾಕ್ಯದಲ್ಲಿ ಉತ್ತರಿಸಿದೆವು. ಅವರು ಅದನ್ನು ಅಲ್ಲಿಗೇ ಬಿಟ್ಟು, ಜಾಲಕದ ಪೆಟ್ಟಿಗೆಯ ಅಗಲ 4.3 ಫರ್ಮಿ ಸಾಕೇ, ಪಯಾನ್ ಗೋಡೆ ಸುತ್ತಿ ಬಂದು ತನ್ನನ್ನೇ ಮುಟ್ಟುತ್ತಿಲ್ಲವೇ ಎಂಬ ಮುಂದಿನ ಪ್ರಶ್ನೆಗೆ ಹೋದರು. ಅದು ಒಳ್ಳೆಯ ಪ್ರಶ್ನೆ. ಅದಕ್ಕೆಂದೇ 64ರ ಜಾಲಕವನ್ನು ಕ್ಯೂಗೆ ಹಾಕಿದ್ದೇವೆ, ಎರಡು ಸ್ಟ್ರೀಮ್‌ಗಳಲ್ಲಿ.